ಲಾಗ್‌ಬುಕ್‌ನಲ್ಲಿ ಎಂಟು ತಿಂಗಳು ಖಾಲಿ, ಹೇಗೆ ತುಂಬಿಸಲಿ?

ರಿಟ್ರಾಕ್ಟರ್ ರಾಯ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಡಿಎನ್‌ಬಿ (ಎಂಬಿಬಿಎಸ್ ನಂತರದ ಸ್ನಾತಕೋತ್ತರ ಕೋರ್ಸ್) ಜನರಲ್ ಸರ್ಜರಿ ಮೂರನೇ ವರ್ಷದಲ್ಲಿದ್ದೇನೆ. ಉತ್ತರ ಕರ್ನಾಟಕದ ಒಂದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ಥೀಸಿಸ್ ಮುಗಿದಿದೆ, ಓದು ಹೇಗೋ ನಡೆದಿದೆ, ಈಗ ತಲೆನೋವು ಲಾಗ್‌ಬುಕ್‌ದು, ಅಂದರೆ ನೋಡಿದ, ಮಾಡಿದ ಆಪರೇಷನ್ ಎಲ್ಲಾ ಬರೆದಿಡುವ ಪುಸ್ತಕದ್ದು. ಮೊದಲ ವರ್ಷ ಹುಮ್ಮಸ್ಸಿನಲ್ಲಿ ನೀಟಾಗಿ ಬರೆದಿದ್ದೆ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು. ಎರಡನೇ ವರ್ಷ ನಮ್ಮ ಯೂನಿಟ್‌ನಲ್ಲಿ ಇಬ್ಬರು ಬಿಟ್ಟುಹೋದರು, ಡ್ಯೂಟಿ ಮೇಲೆ ಡ್ಯೂಟಿ, ನಾಳೆ ಬರೆಯೋಣ ನಾಳೆ ಬರೆಯೋಣ ಎಂದು ಬಿಟ್ಟಿದ್ದು ಎಂಟು ತಿಂಗಳಾಗಿದೆ. ಮೊಬೈಲ್‌ನಲ್ಲಿ ಅಲ್ಲೊಂದು ಇಲ್ಲೊಂದು ಐಪಿ (ಒಳರೋಗಿ) ನಂಬರ್ ಇದೆ, ಅಷ್ಟೆ.

ಎರಡನೇ ತೊಂದರೆ. ನಮ್ಮಲ್ಲಿ ಲ್ಯಾಪ್ (ಲ್ಯಾಪರೋಸ್ಕೋಪಿ) ಕೇಸ್ ಎಲ್ಲಾ ಬಾಸ್ ಮಾಡುತ್ತಾರೆ. ನಾನು ಕ್ಯಾಮೆರಾ ಹಿಡಿದಿದ್ದೇನೆ, ಪೋರ್ಟ್ ಹಾಕಿದ್ದೇನೆ, ಕೊನೆಗೆ ಹೊಲಿಗೆ ಹಾಕಿದ್ದೇನೆ. ಕೆಲವು ಸಲ ಬಾಸ್ ಗಾಲ್‌ಬ್ಲ್ಯಾಡರ್ ಅನ್ನು ಲಿವರ್‌ನಿಂದ ಬಿಡಿಸಲು ಕೊಟ್ಟಿದ್ದಾರೆ. ಇದನ್ನು ಏನೆಂದು ಬರೆಯಬೇಕು? ಅಸಿಸ್ಟೆಡ್ ಅಂತಲಾ, ಸೂಪರ್‌ವಿಷನ್‌ನಲ್ಲಿ ಮಾಡಿದ್ದು ಅಂತಲಾ? ನಿಜವಾಗಿ ಕೈ ಪಳಗಿದ್ದು ಜಿಲ್ಲಾ ಆಸ್ಪತ್ರೆಗೆ ಮೂರು ತಿಂಗಳು ಹಾಕಿದ್ದಾಗ. ಅಲ್ಲಿ ಹೈಡ್ರೋಸೀಲ್, ಹರ್ನಿಯಾ, ಅಪೆಂಡಿಕ್ಸ್ ಚೆನ್ನಾಗಿ ಸಿಕ್ಕವು. ಆದರೆ ಅದೂ ಸರಿಯಾಗಿ ಬರೆದಿಲ್ಲ.

ಸೀನಿಯರ್ ಒಬ್ಬರು ಹೇಳಿದ್ದು: "ಒಂದು ಭಾನುವಾರ ಕೂತು ಎಲ್ಲಾ ಬರೆದುಬಿಡು, ಅರ್ಧಕ್ಕೆ ಇಂಡಿಪೆಂಡೆಂಟ್ ಅಂತ ಹಾಕು, ಯಾರೂ ನೋಡುವುದಿಲ್ಲ." ಮನಸ್ಸು ಒಪ್ಪುತ್ತಿಲ್ಲ. ಹಾಗಂತ ಖಾಲಿ ಬಿಡೋಕೂ ಭಯ. ಪ್ರಾಕ್ಟಿಕಲ್ ಪರೀಕ್ಷೆಗೆ ಇದನ್ನು ಹಿಡಿದುಕೊಂಡೇ ಹೋಗಬೇಕಲ್ಲ. ಅನುಭವ ಇರುವವರು ಹೇಳಿ.

---

ಎರಡನೇ ಸಲ ಪಾಸಾದವನು

ಗುರುವೇ, ಮೊದಲು ಒಂದು ಸಮಾಧಾನ. ಎಂಟು ತಿಂಗಳು ಬಿಟ್ಟವನು ನೀನೊಬ್ಬನೇ ಅಲ್ಲ. ನಾನು ಹನ್ನೊಂದು ತಿಂಗಳು ಬಿಟ್ಟಿದ್ದೆ.

ನಾನು ಮಾಡಿದ್ದು ಹೀಗೆ. ಓಟಿ ರಿಜಿಸ್ಟರ್ ಒಂದನ್ನೇ ನಂಬಲಿಲ್ಲ. ಅದರಲ್ಲಿ ನಮ್ಮ ಹೆಸರು ಇರುವುದೇ ಅಪರೂಪ, "ಡಾಕ್ಟರ್ ಇಂಥವರು ಮತ್ತು ತಂಡ" ಎಂದು ಮುಗಿಸಿರುತ್ತಾರೆ. ನಾನು ಮೊದಲು ಹಳೆಯ ಡ್ಯೂಟಿ ರೋಸ್ಟರ್ ಹುಡುಕಿದೆ. ಯಾವ ದಿನ ನಾನು ಓಟಿಯಲ್ಲಿದ್ದೆ, ಯಾವ ರಾತ್ರಿ ಎಮರ್ಜೆನ್ಸಿ, ಯಾವಾಗ ರಜೆ. ಅದನ್ನು ರಿಜಿಸ್ಟರ್ ಪಕ್ಕ ಇಟ್ಟುಕೊಂಡರೆ ಅರ್ಧ ಕೆಲಸ ಆಯ್ತು. ಆಮೇಲೆ ಕೇಸ್ ಶೀಟ್ ತೆಗೆಸಿ ಓಟಿ ನೋಟ್ಸ್ ನೋಡಿದೆ. ಓಟಿ ನೋಟ್ಸ್ ಬರೆಯುವುದು ಯಾರು? ನಾವೇ ತಾನೇ. ಬಾಸ್ ಮಾಡಿದ ಕೇಸ್ ಆದರೂ ಕೈಬರಹ ನಮ್ಮದೇ. ನನ್ನ ಕಾಗೆ ಕಾಲು ನಾನೇ ಗುರುತು ಹಿಡಿದೆ!

ಇನ್ನೊಂದು ಉಪಾಯ, ಇದು ಯಾರೂ ಹೇಳುವುದಿಲ್ಲ. ಪೆಥಾಲಜಿಗೆ ಹೋಗು. ತೆಗೆದ ಅಪೆಂಡಿಕ್ಸ್, ಗಾಲ್‌ಬ್ಲ್ಯಾಡರ್, ಬ್ರೆಸ್ಟ್ ಗಡ್ಡೆ, ಥೈರಾಯ್ಡ್ ಎಲ್ಲಾ ಅಲ್ಲಿಗೆ ಹೋಗಿರುತ್ತೆ. ಅವರ ರಿಜಿಸ್ಟರ್‌ನಲ್ಲಿ ತಾರೀಕು, ಐಪಿ ನಂಬರ್, ಕಳಿಸಿದ ಯೂನಿಟ್ ಇರುತ್ತೆ, ಫಾರ್ಮ್ ತುಂಬಿದವನ ಸಹಿಯೂ ಇರುತ್ತೆ. ಅದೂ ನಾವೇ. ಹರ್ನಿಯಾಗೆ ಇದು ನಡೆಯುವುದಿಲ್ಲ, ಅಲ್ಲಿ ಕಳಿಸೋಕೆ ಏನೂ ಇರುವುದಿಲ್ಲ. ಅದಕ್ಕೆ ಫೈಲ್‌ನಲ್ಲಿ ಅಂಟಿಸಿದ ಮೆಶ್ (ಹರ್ನಿಯಾಗೆ ಹಾಕುವ ಜಾಲರಿ) ಸ್ಟಿಕ್ಕರ್ ನೋಡು.

ಲ್ಯಾಪ್ ಕೋಲಿ (ಲ್ಯಾಪರೋಸ್ಕೋಪಿಯಲ್ಲಿ ಗಾಲ್‌ಬ್ಲ್ಯಾಡರ್ ತೆಗೆಯುವುದು) ಬಗ್ಗೆ ನನ್ನ ಅಭಿಪ್ರಾಯ: ಅಸಿಸ್ಟೆಡ್ ಅಂತಲೇ ಬರೆ. ಷರಾ ಕಾಲಂನಲ್ಲಿ "ಪೋರ್ಟ್ ಹಾಕಿದೆ, ಲಿವರ್ ಬೆಡ್‌ನಿಂದ ಬಿಡಿಸಿದೆ" ಎಂದು ಒಂದು ಸಾಲು ಸೇರಿಸು. ಆ ಒಂದು ಸಾಲು ಹತ್ತು ಸುಳ್ಳು ಇಂಡಿಪೆಂಡೆಂಟ್‌ಗಿಂತ ಜಾಸ್ತಿ ತೂಗುತ್ತದೆ.

---

ಹೆಸರು ಯಾಕೆ ಬೇಕು

ಇಷ್ಟೆಲ್ಲಾ ಯಾಕೆ ಕಷ್ಟ ಪಡುತ್ತೀರಿ? ನಾನು ಎರಡು ದಿನದಲ್ಲಿ ಬರೆದು ಮುಗಿಸಿದೆ. ಪರೀಕ್ಷೆಯಲ್ಲಿ ಎರಡು ಪುಟ ತಿರುವಿ ಪಕ್ಕಕ್ಕಿಟ್ಟರು. ಲಾಗ್‌ಬುಕ್ ನೋಡಿ ಯಾರನ್ನೂ ಫೇಲ್ ಮಾಡಿದ್ದು ನಾನು ಕೇಳಿಲ್ಲ. ಮಾರ್ಕ್ಸ್ ಬರುವುದು ಕೇಸ್ ಪ್ರೆಸೆಂಟೇಷನ್‌ಗೆ. ಆ ಸಮಯವನ್ನು ಓದೋಕೆ ಕೊಡಿ. ಕೇಸ್ ಕೊಡದೆ ಇರುವುದು ಆಸ್ಪತ್ರೆಯ ತಪ್ಪು, ಅದಕ್ಕೆ ಹುಡುಗರು ಯಾಕೆ ಪುಸ್ತಕದಲ್ಲಿ ಬಡವರಾಗಿ ಕಾಣಬೇಕು?

---

ಓಟಿ ಸಿಸ್ಟರ್, ಇಪ್ಪತ್ತು ವರ್ಷ ಸರ್ವೀಸ್

ಮೇಲಿನ ಸರ್ ಎರಡು ದಿನದಲ್ಲಿ ಮುಗಿಸಿದರಂತೆ. ಅಂಥವರು ಬರೆದ ಕೇಸ್ ಒಂದನ್ನು ಹುಡುಕಿಕೊಂಡು ಯಾರೋ ನಮ್ಮ ಓಟಿಗೆ ಬಂದಿದ್ದರು. ಆ ದಿನ ಆ ಹೊತ್ತಿಗೆ ಓಟಿ ಫ್ಯೂಮಿಗೇಷನ್‌ಗೆ ಮುಚ್ಚಿತ್ತು. ನಾವು ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ರಾಯರೇ, ನಿಮಗೆ ಹೇಳುವುದು ಇಷ್ಟು. ನಮ್ಮ ರಿಜಿಸ್ಟರ್‌ನಲ್ಲಿ ತಾರೀಕು, ಐಪಿ ನಂಬರ್, ಪೇಷಂಟ್ ಹೆಸರು, ವಯಸ್ಸು, ಕಾಯಿಲೆ, ಮಾಡಿದ ಆಪರೇಷನ್, ಸರ್ಜನ್, ಅಸಿಸ್ಟೆಂಟ್, ಅನಸ್ತೀಷಿಯಾ ಡಾಕ್ಟರ್, ಯಾವ ಅನಸ್ತೀಷಿಯಾ, ಸ್ಕ್ರಬ್ ಆದ (ಕೈ ತೊಳೆದು ಗೌನ್ ಹಾಕಿ ನಿಂತ) ಸಿಸ್ಟರ್, ಶುರುವಾದ ಹೊತ್ತು, ಮುಗಿದ ಹೊತ್ತು ಇಷ್ಟೂ ಇರುತ್ತೆ. ಅಸಿಸ್ಟೆಂಟ್ ಕಾಲಂ ಖಾಲಿ ಇದ್ದರೆ ಅದು ನಮ್ಮ ಸೋಮಾರಿತನ ಅಲ್ಲ. ಕೇಸ್ ಮುಗಿದ ತಕ್ಷಣ ಗೌನ್ ಬಿಸಾಕಿ ಓಡುತ್ತೀರಿ, ಯಾರು ಅಸಿಸ್ಟ್ ಮಾಡಿದ್ದು ಅಂತ ನಾವು ಯಾರನ್ನು ಕೇಳಬೇಕು? ಸ್ವ್ಯಾಬ್ ಎಣಿಸುವಾಗ ನಿಂತಿರುತ್ತೀರಲ್ಲ, ಅಲ್ಲೇ ಹೇಳಿ, ನಾವೇ ಬರೆಯುತ್ತೇವೆ.

ರಾತ್ರಿ ಎಮರ್ಜೆನ್ಸಿ ಕೇಸ್‌ಗಳಿಗೆ ಬಹಳ ಕಡೆ ಬೇರೆ ರಿಜಿಸ್ಟರ್ ಇರುತ್ತೆ. ಹಗಲಿನದನ್ನು ಮಾತ್ರ ನೋಡಿ "ನನ್ನ ಪರ್ಫೊರೇಷನ್ (ಕರುಳು ತೂತಾದ) ಕೇಸ್ ಕಾಣೆ" ಎಂದು ಗಲಾಟೆ ಮಾಡಬೇಡಿ. ಮೈನರ್ ಓಟಿಯದು ಇನ್ನೊಂದು ಪುಸ್ತಕ. ಅನಸ್ತೀಷಿಯಾದವರದ್ದು ಮತ್ತೊಂದು, ಅವರದ್ದು ನಮ್ಮದಕ್ಕಿಂತ ಅಚ್ಚುಕಟ್ಟು ಅಂತ ಒಪ್ಪಿಕೊಳ್ಳುತ್ತೇನೆ. ಮತ್ತೆ ಕೇಳುವಾಗ ಮಧ್ಯಾಹ್ನ ಲಿಸ್ಟ್ ಮುಗಿದ ಮೇಲೆ ಬಂದು ಕೇಳಿ. ಬೆಳಿಗ್ಗೆ ಎಂಟಕ್ಕೆ ಬಂದರೆ ಯಾರೂ ಕೊಡುವುದಿಲ್ಲ, ನಾನಂತೂ ಕೊಡುವುದಿಲ್ಲ.

---

ಹಳೇ ಚಾಕು (ಸರ್ಜನ್, ಹುಬ್ಬಳ್ಳಿ ಕಡೆ)

ನಾನು ಪರೀಕ್ಷಕನಾಗಿ ಕೂತಿದ್ದೇನೆ, ಹಾಗಾಗಿ ಮೇಜಿನ ಆಚೆ ಕಡೆಯ ಮಾತು ಹೇಳುತ್ತೇನೆ. ಲಾಗ್‌ಬುಕ್ ನೋಡಿ ಫೇಲ್ ಮಾಡುವುದಿಲ್ಲ, ನಿಜ. ಆದರೆ ಲಾಗ್‌ಬುಕ್ ನೋಡಿ ಪ್ರಶ್ನೆ ಕೇಳುತ್ತೇವೆ. ಎರಡು ಪುಟ ತಿರುವಿದರು ಅಂದಿರಲ್ಲ, ಆ ಎರಡು ಪುಟದಲ್ಲಿ ಏನು ಹುಡುಕುತ್ತಿದ್ದರು ಗೊತ್ತಾ?

ಒಬ್ಬ ಹುಡುಗ ಬಂದಿದ್ದ. ಇಂಗ್ವೈನಲ್ (ತೊಡೆಸಂದಿಯ) ಹರ್ನಿಯಾ ಅರವತ್ತು, ಎಲ್ಲಾ ಇಂಡಿಪೆಂಡೆಂಟ್. ಖುಷಿಯಾಯ್ತು. ಸರಿ ಮಾರಾಯ, ಮೆಶ್ ಎಷ್ಟು ದೊಡ್ಡದು ಹಾಕಿದೆ ಅಂದೆ. ಸುಮ್ಮನೆ ನಿಂತ. ಲಿಕ್ಟನ್‌ಸ್ಟೀನ್ (ಮೆಶ್ ಹಾಕುವ ಹರ್ನಿಯಾ ಆಪರೇಷನ್) ಮಾಡುವವನು ದಿನಾ ಕೈಯಲ್ಲಿ ಹಿಡಿಯುವುದು ಏಳೂವರೆ ಸೆಂಟಿಮೀಟರ್ ಅಗಲ, ಹದಿನೈದು ಉದ್ದದ ತುಂಡು. ಅದನ್ನು ಓದಿ ನೆನಪಿಡಬೇಕಾಗಿಲ್ಲ, ಕತ್ತರಿಸಿದ ಕೈಗೆ ಗೊತ್ತಿರುತ್ತೆ. ಮೊದಲ ಹೊಲಿಗೆ ಎಲ್ಲಿ ಹಾಕಿದೆ ಅಂದೆ. ಪ್ಯೂಬಿಕ್ ಟ್ಯೂಬರ್ಕಲ್ (ತೊಡೆಸಂದಿಯ ಒಳತುದಿಯ ಮೂಳೆ ಉಬ್ಬು) ಹತ್ತಿರ ಅಂದ, ಅದು ಸರಿ. ಮೆಶ್ ಅದನ್ನು ದಾಟಿ ಎಷ್ಟು ಚಾಚಿರಬೇಕು, ಯಾಕೆ? ಮತ್ತೆ ಮೌನ. ಅರವತ್ತು ಬೇಡ, ಆರು ಅಂತ ಬರೆದು ಆರನ್ನೂ ಹೇಳಿದ್ದರೆ ನಾನು ಟೀ ಕುಡಿದು ಮುಂದಿನ ಕೇಸ್‌ಗೆ ಹೋಗುತ್ತಿದ್ದೆ. ಆಮೇಲೆ ಅವನು ಹೇಳಿದ ಸರಿ ಉತ್ತರಗಳ ಮೇಲೂ ನನಗೆ ಅನುಮಾನವೇ ಬಂತು. ಅದು ನನ್ನ ತಪ್ಪು ಇರಬಹುದು, ಆದರೆ ಮನುಷ್ಯರು ಹಾಗೇ ಇರುವುದು.

ಈಗ ಪಾತ್ರದ ಪ್ರಶ್ನೆ. ನಮ್ಮ ಎಂಎಸ್ ಲಾಗ್‌ಬುಕ್‌ಗಳಲ್ಲಿ ನಾಲ್ಕು ಗುರುತು: ಓ ಅಂದರೆ ಸ್ಕ್ರಬ್ ಆಗಿ ನೋಡಿದ್ದು, ಎ ಅಂದರೆ ಅಸಿಸ್ಟ್ ಮಾಡಿದ್ದು, ಪಿಎ ಅಂದರೆ ಹಿರಿಯರು ಎದುರಿಗೆ ನಿಂತು ಮಾಡಿಸಿದ್ದು, ಪಿಐ ಅಂದರೆ ಸ್ವತಂತ್ರವಾಗಿ ಮಾಡಿದ್ದು. ನನ್ನ ಅಳತೆ ಸರಳ. ಆಪರೇಷನ್‌ನ ಅಪಾಯದ ಜಾಗ ಯಾವುದು, ಅದನ್ನು ಯಾರು ಮಾಡಿದರು? ಗಾಲ್‌ಬ್ಲ್ಯಾಡರ್‌ನಲ್ಲಿ ಅದು ಕ್ಯಾಲೋ ತ್ರಿಕೋನ. ಸಿಸ್ಟಿಕ್ ಡಕ್ಟ್, ಆರ್ಟರಿ ಎರಡನ್ನೂ ಬಿಡಿಸಿ ನೋಡಿ ಕ್ಲಿಪ್ ಹಾಕಿದವನು ಸರ್ಜನ್. ಲಿವರ್ ಬೆಡ್‌ನಿಂದ ಬಿಡಿಸಿದವನು ಒಳ್ಳೆಯ ಅಸಿಸ್ಟೆಂಟ್. ಹರ್ನಿಯಾದಲ್ಲಿ ಸ್ಯಾಕ್ ಮತ್ತು ನರಗಳು. ಅಪೆಂಡಿಕ್ಸ್‌ನಲ್ಲಿ ಬುಡ ಹುಡುಕಿ ಕಟ್ಟುವುದು. ಹೀಗೆ ನೋಡಿದರೆ ನಿಮ್ಮ ಲ್ಯಾಪ್ ಕೋಲಿ ಎಲ್ಲಾ ಎ. ಬೇಸರ ಬೇಡ.

ಕಾಂಪ್ಲಿಕೇಷನ್ ಕಾಲಂ ಖಾಲಿ ಬಿಡಬೇಡಿ. ಮುನ್ನೂರು ಕೇಸ್‌ನಲ್ಲಿ ಒಂದೂ ಗಾಯ ಕೀವಾಗಿಲ್ಲ ಅಂದರೆ ಅದು ಆಸ್ಪತ್ರೆಯಲ್ಲ, ದೇವಲೋಕ. 2004ರಲ್ಲಿ ಬಂದ ಕ್ಲಾವಿಯೆನ್-ಡಿಂಡೊ ದರ್ಜೆ (ಕಾಂಪ್ಲಿಕೇಷನ್ ಎಷ್ಟು ಗಂಭೀರ ಎಂದು ಒಂದರಿಂದ ಐದರವರೆಗೆ ಅಳೆಯುವುದು) ನಿಮಗೆ ಗೊತ್ತೇ ಇದೆ, ಅದರಲ್ಲೇ ಬರೆಯಿರಿ. ವಾರ್ಡಿನಲ್ಲೇ ಹೊಲಿಗೆ ಬಿಚ್ಚಿ ಕೀವು ತೆಗೆದಿರಾ, ಒಂದು. ರಕ್ತ ಕೊಟ್ಟಿರಾ, ಎರಡು. ಮತ್ತೆ ಓಟಿಗೆ ಒಯ್ದು ಜನರಲ್ ಅನಸ್ತೀಷಿಯಾ ಕೊಟ್ಟು ತೆರೆದಿರಾ, ಮೂರು ಬಿ. ಐಸಿಯು ಹಿಡಿಯುವಷ್ಟು ಜೀವಕ್ಕೆ ಬಂದಿತ್ತಾ, ನಾಲ್ಕು. ಪೇಷಂಟ್ ಹೋಗಿಬಿಟ್ಟರೆ ಐದು, ಅದನ್ನೂ ಬರೆಯಬೇಕು. ಒಂದು ಕೆಟ್ಟ ಕೇಸ್ ಪೂರ್ತಿ ಬರೆದಿದ್ದರೆ ನಾನು ಅದನ್ನೇ ಕೇಳುತ್ತೇನೆ, ಅಭ್ಯರ್ಥಿಯೂ ಅದನ್ನೇ ಚೆನ್ನಾಗಿ ಹೇಳುತ್ತಾನೆ, ಯಾಕೆಂದರೆ ಅಂಥ ಕೇಸ್ ಯಾರೂ ಮರೆಯುವುದಿಲ್ಲ.

ಈ ಗೋಳು ಹೊಸದೂ ಅಲ್ಲ. 1913ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಶುರುವಾದಾಗ ಫೆಲೋಶಿಪ್‌ಗೆ ಅರ್ಜಿ ಹಾಕಿದವರಿಗೆ ಕೇಸ್ ರೆಕಾರ್ಡ್ ಕೊಡಿ ಅಂದರು. ಬಹಳ ಜನಕ್ಕೆ ಕೊಡಲು ಆಗಲಿಲ್ಲ, ಆಸ್ಪತ್ರೆಗಳಲ್ಲಿ ರೆಕಾರ್ಡೇ ಇರಲಿಲ್ಲ. ಸರಿ, ಆಸ್ಪತ್ರೆಗಳನ್ನೇ ನೋಡೋಣ ಎಂದು ನೂರು ಹಾಸಿಗೆಗಿಂತ ದೊಡ್ಡವು 692 ಆಸ್ಪತ್ರೆಗಳನ್ನು ತಪಾಸಣೆ ಮಾಡಿದರೆ ಅವರ ಕನಿಷ್ಠ ಮಟ್ಟ ಮುಟ್ಟಿದ್ದು 89. ದೊಡ್ಡ ದೊಡ್ಡ ಹೆಸರುಗಳೇ ಬಿದ್ದಿದ್ದವು. 1919ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಸಭೆ ಸೇರಿದ್ದಾಗ, ಆಸ್ಪತ್ರೆಗಳ ಹೆಸರು ಪತ್ರಿಕೆಗೆ ಸಿಕ್ಕೀತು ಎಂದು ಹೆದರಿ ಆ ಪಟ್ಟಿಯನ್ನು ಹೋಟೆಲಿನ ಒಲೆಗೇ ಹಾಕಿ ಸುಟ್ಟರು. ನಿಮ್ಮ ಎಂಟು ತಿಂಗಳು ಅದರ ಮುಂದೆ ಏನೂ ಅಲ್ಲ ಬಿಡಿ.

---

ಕಡಲಾಚೆ ಕನ್ನಡಿಗ

ಅಮೆರಿಕದಲ್ಲಿ ಸರ್ಜರಿ ರೆಸಿಡೆನ್ಸಿ ಮಾಡುತ್ತಿದ್ದೇನೆ, ಎಂಬಿಬಿಎಸ್ ಮೈಸೂರಿನಲ್ಲಿ. ಹಳೇ ಚಾಕು ಸರ್ ಹೇಳಿದ ಅಳತೆಯೇ ಇಲ್ಲೂ ಇರುವುದು, ನಿಯಮದಲ್ಲೇ ಬರೆದಿದ್ದಾರೆ. ಅಮೆರಿಕನ್ ಬೋರ್ಡ್ ಆಫ್ ಸರ್ಜರಿ ಪರೀಕ್ಷೆಗೆ ಕೂರಬೇಕಾದರೆ ಐದು ವರ್ಷದಲ್ಲಿ ಕನಿಷ್ಠ 850 ಆಪರೇಷನ್, ಅದರಲ್ಲಿ 200 ಕೊನೆಯ ವರ್ಷ ಚೀಫ್ ರೆಸಿಡೆಂಟ್ ಆಗಿದ್ದಾಗ. ಫಸ್ಟ್ ಅಸಿಸ್ಟೆಂಟ್ ಆಗಿ ನಿಂತದ್ದನ್ನು ನಮೂದಿಸಬಹುದು, ಆದರೆ 850ಕ್ಕೆ ಲೆಕ್ಕವಿಲ್ಲ. ಮುಖ್ಯ ಹಂತಗಳನ್ನು ನಾವೇ ಮಾಡಿರಬೇಕು. ಆಪರೇಷನ್‌ಗೆ ಮುಂಚೆ ಪೇಷಂಟ್ ನೋಡಿರಬೇಕು, ಆಮೇಲೂ ನೋಡಿಕೊಂಡಿರಬೇಕು. ಓಟಿಗೆ ಮಾತ್ರ ಬಂದು ಕೊಯ್ದು ಹೋದರೆ ಅದು ಕೇಸ್ ಅಲ್ಲ. ಜೂನಿಯರ್‌ಗೆ ನಾವು ಕಲಿಸಿ ಮಾಡಿಸಿದ್ದಕ್ಕೆ ಬೇರೆಯೇ ಖಾನೆ ಇದೆ, ಅದರಲ್ಲಿ 25 ಬೇಕು.

ಇಲ್ಲಿ ಎಲ್ಲಾ ಆನ್‌ಲೈನ್. ಆದರೂ ನಾಳೆ ಹಾಕೋಣ ಅನ್ನುವ ರೋಗ ಇಲ್ಲೂ ಇದೆ. ವರ್ಷ ಮುಗಿಯುವ ಜೂನ್ ಬಂತೆಂದರೆ ಎಲ್ಲರೂ ಕಂಪ್ಯೂಟರ್ ಮುಂದೆ ಕೂತು ಹಳೇ ಲಿಸ್ಟ್ ಕೆದಕುತ್ತಿರುತ್ತಾರೆ. ನಾನು ಮಾಡಿಕೊಂಡ ಅಭ್ಯಾಸ: ಓಟಿ ನೋಟ್ಸ್ ಬರೆದು ಮುಗಿಸಿದ ಕುರ್ಚಿಯಿಂದ ಏಳುವ ಮುಂಚೆ ಲಾಗ್. ಎದ್ದರೆ ಮುಗಿಯಿತು.

ಬ್ರಿಟನ್‌ನಲ್ಲಿರುವ ಗೆಳೆಯ ಹೇಳಿದ್ದು ನನಗೆ ಇನ್ನೂ ಇಷ್ಟ. ಅವರ ಈಲಾಗ್‌ಬುಕ್‌ನಲ್ಲಿ ಸೂಪರ್‌ವಿಷನ್‌ಗೆ ಎರಡು ಗುರುತು. ಬಾಸ್ ಸ್ಕ್ರಬ್ ಆಗಿ ಜೊತೆಗೇ ನಿಂತಿದ್ದರೆ ಒಂದು, ಸ್ಕ್ರಬ್ ಆಗದೆ ಸುಮ್ನೆ ಹತ್ತಿರ ಇದ್ದರೆ ಇನ್ನೊಂದು. ಎಷ್ಟು ವ್ಯತ್ಯಾಸ ಅಲ್ವಾ! ನಮ್ಮ ಪುಸ್ತಕದಲ್ಲಿ ಎರಡೂ ಒಂದೇ ಕಾಲಂ. ರಾಯರು ಷರಾದಲ್ಲಿ ಇದನ್ನೂ ಬರೆಯಬಹುದು.

---

ಎಂಆರ್‌ಡಿ ಕಿಟಕಿ

ನಾನು ಡಾಕ್ಟರ್ ಅಲ್ಲ, ರೆಕಾರ್ಡ್ ರೂಮಿನವನು. ನಿಮ್ಮ ಫೈಲ್‌ಗಳ ಧೂಳು ಕುಡಿಯುವವನು.

ಮೊದಲನೆಯದು, ಬೇಗ ಬನ್ನಿ. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು. ನಿಮ್ಮ ಕೋರ್ಸೂ ಮೂರು ವರ್ಷ. ಮೆಡಿಕೋ ಲೀಗಲ್ ಕೇಸ್ ಬೇರೆ ಮಾತು, ಮಿಕ್ಕ ಹಳೇ ಫೈಲ್‌ಗಳು ಜಾಗ ಇಲ್ಲದ ಕಡೆ ಗೋಡೌನ್‌ಗೆ ಹೋಗುತ್ತವೆ, ಅಲ್ಲಿಂದ ತೆಗೆಸುವುದು ನಿಮ್ಮ ಆಪರೇಷನ್‌ಗಿಂತ ಕಷ್ಟ.

ಎರಡನೆಯದು, ಐವತ್ತು ಫೈಲ್ ಬೇಕು ಎಂದು ಬಾಯಲ್ಲಿ ಹೇಳಬೇಡಿ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಸಹಿ ಮಾಡಿದ ಒಂದು ಚೀಟಿ, ಅದರಲ್ಲಿ ಐಪಿ ನಂಬರ್ ಪಟ್ಟಿ, ಕಾರಣ. ಹಾಗೆ ಬಂದರೆ ನಾನೇ ಹುಡುಕಿ ಇಡುತ್ತೇನೆ.

ಮೂರನೆಯದು ಸ್ವಲ್ಪ ಕೋಪದ ಮಾತು. ಫೈಲ್ ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತೀರಿ. ಪೇಷಂಟ್ ಹೆಸರು, ಫೋನ್ ನಂಬರ್, ಊರು, ಎಚ್‌ಐವಿ ರಿಪೋರ್ಟು ಎಲ್ಲಾ ಅದರಲ್ಲಿ ಇರುತ್ತೆ. ಲಾಗ್‌ಬುಕ್ಕಿಗೆ ಐಪಿ ನಂಬರ್, ವಯಸ್ಸು, ಗಂಡೋ ಹೆಣ್ಣೋ ಇಷ್ಟಿದ್ದರೆ ಕೇಸ್ ಹುಡುಕಬಹುದು. ಹೆಸರು ಬೇಕೇ ಬೇಕೆಂದರೆ ಮೊದಲ ಅಕ್ಷರ ಸಾಕು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯೇ ಬಂದಿದೆ. ಕಾನೂನು ಬಿಡಿ, ನಿಮ್ಮ ಅಮ್ಮನ ಫೈಲ್ ಹೀಗೆ ಓಡಾಡಿದರೆ ಸುಮ್ಮನಿರುತ್ತೀರಾ?

---

ಎರಡನೇ ಸಲ ಪಾಸಾದವನು

ಮೇಲಿನ ಮಾತಿಗೆ ಸಹಿ. ಒಂದು ವಿಷಯ ಬಿಟ್ಟಿದ್ದೆ. ಗೈಡ್ ಸಹಿ. ಹಳೇ ತಾರೀಕು ಹಾಕಿಸಿಕೊಳ್ಳೋಕೆ ಹೋಗಬೇಡ. ಎಂಟು ತಿಂಗಳಿಗೂ ಒಂದೇ ಪೆನ್ನು, ಒಂದೇ ಶಾಯಿ, ಒಂದೇ ಓರೆ ಸಹಿ ಇದ್ದರೆ ಕುರುಡನಿಗೂ ಕಾಣುತ್ತೆ. ಆ ಪುಟಗಳ ಮೇಲೆ "ಓಟಿ ರಿಜಿಸ್ಟರ್ ಮತ್ತು ಕೇಸ್ ಶೀಟ್ ನೋಡಿ ನಂತರ ತುಂಬಿದ್ದು" ಎಂದು ಬರೆದು, ಇವತ್ತಿನ ತಾರೀಕಿನಲ್ಲೇ ಸಹಿ ಹಾಕಿಸು. ನಾನು ಹಾಗೆ ಮಾಡಿದೆ. ಪರೀಕ್ಷಕರು ಓದಿದರು, ತಲೆ ಎತ್ತಿ ನೋಡಿದರು, "ಆ ವರ್ಷ ಏನಾಗಿತ್ತು?" ಅಂದರು. ಹೇಳಿದೆ. ಮುಂದೆ ಹೋದರು. ಮೊದಲ ಸಲ ಫೇಲಾಗಿದ್ದು ಥೈರಾಯ್ಡ್ ಕೇಸ್‌ನಲ್ಲಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಎಂಡಿ, ಎಂಎಸ್ ಮಾಡುವ ತಮ್ಮಂದಿರು ತಂಗಿಯರು ಓದುತ್ತಿದ್ದರೆ: ನಿಮಗೆ 2023ರ ಪಿಜಿ ನಿಯಮದಲ್ಲಿ ಇ-ಲಾಗ್‌ಬುಕ್ ವಾರಕ್ಕೊಮ್ಮೆ ತುಂಬಬೇಕು, ಗೈಡ್ ಮತ್ತು ಎಚ್‌ಒಡಿ ತಿಂಗಳಿಗೊಮ್ಮೆ ದೃಢೀಕರಿಸಬೇಕು ಅಂತಿದೆ. ನಿಮಗೆ ಭಾನುವಾರದ ಉಪಾಯ ನಡೆಯುವುದಿಲ್ಲ.

---

ಹೆಸರು ಯಾಕೆ ಬೇಕು

ಎಲ್ಲರೂ ಸೇರಿ ನನ್ನನ್ನು ಕಳ್ಳನ ಮಾಡಿದಿರಿ. ಇರಲಿ. ನನ್ನ ಒಂದು ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ. ಮೂರು ವರ್ಷ ಕ್ಯಾಮೆರಾ ಹಿಡಿಸಿದ ಆಸ್ಪತ್ರೆಯನ್ನು ಕೇಳುವವರು ಯಾರು?

---

ಹಳೇ ಚಾಕು

ನ್ಯಾಯವಾದ ಪ್ರಶ್ನೆ. ಉತ್ತರ ನಿಮ್ಮ ಲಾಗ್‌ಬುಕ್ಕಿನಲ್ಲೇ ಇತ್ತು. ಹುಡುಗರೆಲ್ಲಾ ನಿಜ ಬರೆದಿದ್ದರೆ, ಆ ಆಸ್ಪತ್ರೆಯಿಂದ ಬಂದ ಪುಸ್ತಕಗಳಲ್ಲೆಲ್ಲಾ ಎ, ಎ, ಎ ಎಂದೇ ಇರುತ್ತಿತ್ತು. ತಪಾಸಣೆಗೆ ಬಂದವರಿಗೆ ತೋರಿಸಲು ಅದಕ್ಕಿಂತ ದೊಡ್ಡ ಪುರಾವೆ ಏನಿದೆ? ನೀವು ಅರ್ಧಕ್ಕೆ ಪಿಐ ಬರೆದು ನಿಮ್ಮ ಬಾಸ್‌ಗೆ ಒಳ್ಳೆಯ ಗುರು ಅನ್ನುವ ಸರ್ಟಿಫಿಕೇಟ್ ಕೊಟ್ಟಿರಿ.

---

ರಿಟ್ರಾಕ್ಟರ್ ರಾಯ

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಬೇಕಲ್ಲ.

ರೋಸ್ಟರ್ ಸಿಕ್ಕಿತು, ಕೋ-ಪಿಜಿ ಮೊಬೈಲ್‌ನಲ್ಲಿ. ಓಟಿ, ಎಮರ್ಜೆನ್ಸಿ ಓಟಿ, ಪೆಥಾಲಜಿ ಮೂರೂ ರಿಜಿಸ್ಟರ್ ಹುಡುಕಿದೆ. ಎಂಟು ತಿಂಗಳಲ್ಲಿ ನಾನು ಇದ್ದೆ ಎಂದು ಖಾತ್ರಿಯಾಗಿ ಹೇಳಬಹುದಾದ ಕೇಸ್ 143. ಅದರಲ್ಲಿ ಅಸಿಸ್ಟ್ 98, ಸೂಪರ್‌ವಿಷನ್‌ನಲ್ಲಿ ಮಾಡಿದ್ದು 31, ಸ್ವತಂತ್ರ 14. ಆ ಹದಿನಾಲ್ಕರಲ್ಲಿ ಹನ್ನೆರಡು ಜಿಲ್ಲಾ ಆಸ್ಪತ್ರೆಯವು. ಅದಕ್ಕೆ ಒಂದು ದಿನ ರಜೆ ಹಾಕಿ ಬಸ್ಸಿನಲ್ಲಿ ಹೋಗಿ, ಅಲ್ಲಿನ ಐಪಿ ನಂಬರ್ ಬರೆದುಕೊಂಡು, ಅಲ್ಲಿನ ಸರ್ಜನ್ ಸರ್ ಹತ್ತಿರವೇ ಸಹಿ ಹಾಕಿಸಿಕೊಂಡು ಬಂದೆ. ಅವರು ಊಟ ಹಾಕಿಸಿ ಕಳಿಸಿದರು. ಇನ್ನೂ ಇಪ್ಪತ್ತು ಮೂವತ್ತು ಕೇಸ್ ಮಾಡಿದ ನೆನಪಿದೆ, ಕಾಗದದಲ್ಲಿ ಸಿಗಲಿಲ್ಲ, ಬಿಟ್ಟುಬಿಟ್ಟೆ. ಹೊಟ್ಟೆ ಉರಿಯಿತು.

ಗೈಡ್ ಹತ್ತಿರ ಹೋಗುವಾಗ ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಪುಟ ತಿರುವುತ್ತಾ ಲ್ಯಾಪ್ ಕೋಲಿ ಎಲ್ಲಾ ಎ ಇರುವುದನ್ನು ನೋಡಿದರು, ಏನೂ ಹೇಳಲಿಲ್ಲ, ಸಹಿ ಹಾಕಿದರು. ಮೊನ್ನೆ ಗುರುವಾರ ಲಿಸ್ಟ್‌ನಲ್ಲಿ ಎರಡನೇ ಕೇಸ್‌ಗೆ "ನೀನು ಈ ಕಡೆ ಬಾ" ಅಂದರು. ಕ್ಲಿಪ್ ನಾನೇ ಹಾಕಿದೆ. ಕೈ ಸ್ವಲ್ಪ ನಡುಗಿತು. ಕುರ್ಚಿಯಿಂದ ಏಳುವ ಮುಂಚೆಯೇ ಬರೆದೆ: ಪಿಎ, ಬಾಸ್ ಸ್ಕ್ರಬ್ ಆಗಿದ್ದರು.

---

ಓಟಿ ಸಿಸ್ಟರ್, ಇಪ್ಪತ್ತು ವರ್ಷ ಸರ್ವೀಸ್

ಸಂತೋಷ. ಎಮರ್ಜೆನ್ಸಿ ರಿಜಿಸ್ಟರ್ ತೆಗೆದುಕೊಂಡು ಹೋದಿರಲ್ಲ, ವಾಪಸ್ ಇಟ್ಟಿರಿ ತಾನೇ? ನಿಮ್ಮ ಓಟಿ ಸಿಸ್ಟರ್ ಪರವಾಗಿ ಕೇಳುತ್ತಿದ್ದೇನೆ.